ಈಸು ಸಾಕು: ಅತಿಯಾಸೆ ಇಳಿಸಿಕೊಳ್ಳಲು 40 ದಿನಗಳ ಸಮಗ್ರ ಮಾರ್ಗದರ್ಶಿ

ತೊಗರಿ ರಾಶಿಯಾಗಿ, ಗಂಜಿಗೆ (ಕಾಳಿನ ಮಾರುಕಟ್ಟೆಗೆ) ಹೋಗಿ, ಅಡತಿ ಅಂಗಡಿಯಿಂದ ರೊಕ್ಕ ಕೈಗೆ ಬರುವ ದಿನಗಳಲ್ಲಿ ಕಲಬುರಗಿ ಸೀಮೆಯ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡುತ್ತದೆ. ರೊಕ್ಕ ಇಲ್ಲದ ಆಷಾಢದಲ್ಲಿ ಹೇಗೋ ಸುಮ್ಮನಿದ್ದ ಮನೆ ಈಗ ಸುಮ್ಮನಿರುವುದಿಲ್ಲ. ಒಬ್ಬರಿಗೆ ಹೊಸ ಗಾಡಿ ಬೇಕು, ಒಬ್ಬರಿಗೆ ಎರಡು ತೊಲಿ ಬಂಗಾರ, ಇನ್ನೊಬ್ಬರಿಗೆ ಬದುವಿನ ಆಚೆಯ ಎರಡು ಎಕರೆ. ಬಂದ ರೊಕ್ಕ ಒಂದು, ಬಾಗಿಲಲ್ಲಿ ಕಾದು ನಿಂತ ಆಸೆ ಹತ್ತು. ಸಂಬಳದವರಿಗೆ ಇದೇ ಪಾಡು ಪ್ರತಿ ತಿಂಗಳ ಒಂದನೇ ತಾರೀಕಿಗೆ.

ಇಂಥ ಆಸೆಯನ್ನು ಕಿತ್ತೊಗೆಯಲು ಹೋದವರು ಬಹುಪಾಲು ಸೋಲುತ್ತಾರೆ. ಅದಕ್ಕೆ ಅಳತೆ ಹಾಕಿದವರು ಉಳಿದುಕೊಳ್ಳುತ್ತಾರೆ. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮಾರಯ್ಯ ಎಂಬ ಶರಣ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ‘ಈಸಕ್ಕಿಯಾಸೆ ನಿಮಗೇಕೆ’ (ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ) ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದಳು. ಈ ಪ್ರಸಂಗದಲ್ಲಿ ಎಲ್ಲರೂ ಮೆಚ್ಚುವುದು ಆಕೆಯ ತ್ಯಾಗವನ್ನು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಕೆಯ ಲೆಕ್ಕ. ತಂದ ಅಕ್ಕಿ ಹೆಚ್ಚೆಂದು ಕಣ್ಣಿಗೆ ಬೀಳಬೇಕಾದರೆ ಎಷ್ಟು ಸಾಕು ಎಂಬುದು ಮೊದಲೇ ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅದೇ ಗೊತ್ತಿಲ್ಲ. ಅಕ್ಕಿ ಬಂದ ಮೇಲೆ ಚೀಲ ಹುಡುಕುತ್ತೇವೆ, ಚೀಲ ತುಂಬಿದರೆ ಇನ್ನೊಂದು ಚೀಲ.

ಕೆಳಗಿನ ಹಂತಗಳೆಲ್ಲ ಎರಡೇ ಕೆಲಸಕ್ಕೆ: ಆಸೆ ಬರುವ ಮುಂಚೆ ಅಳತೆ ಗೊತ್ತುಮಾಡುವುದು, ಅಳತೆ ಮೀರಿದ್ದನ್ನು ತಿರುಗಿ ಇಟ್ಟು ಬರುವುದು.

ಯಾವುದು ಅತಿಯಾಸೆ, ಯಾವುದು ಅಲ್ಲ

ಇದನ್ನು ಮೊದಲು ಬಿಡಿಸಿಕೊಳ್ಳದಿದ್ದರೆ ಮುಂದಿನದೆಲ್ಲ ತಪ್ಪು ದಾರಿಗೆ ಹೋಗುತ್ತದೆ. ಹೊಟ್ಟೆ ತುಂಬ ಊಟ, ಸೋರದ ಮಾಳಿಗೆ, ಮಕ್ಕಳ ಓದು, ಔಷಧಿ, ಮಾಡಿದ ಕೆಲಸಕ್ಕೆ ಕೂಲಿ, ಬೆಳೆ ಹೋದಾಗ ವಿಮೆಯ ಹಣ, ಇವು ಅತಿಯಾಸೆ ಅಲ್ಲ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಮಕ್ಕಳಿಗೆ ಸಿಗಬೇಕಾದ ಸೀಟು, ನೌಕರಿ ಕೇಳುವುದೂ ಅಲ್ಲ. ಹಸಿದವರಿಗೆ, ಬಾಕಿ ಕೂಲಿಗಾಗಿ ಅಲೆಯುವವರಿಗೆ ‘ಆಸೆ ಕಡಿಮೆ ಮಾಡಿಕೊಳ್ಳಿ’ ಎಂದು ಬೋಧಿಸುವುದು ಅನ್ಯಾಯ. ಈ ಮಾರ್ಗದರ್ಶಿಯನ್ನು ಬೇರೆಯವರ ಮೇಲೆ ಪ್ರಯೋಗಿಸಬೇಡಿ. ಹೆಂಡತಿಯ ಆಸೆಯನ್ನು ಗಂಡ ಅಳೆಯಲು ಕೂತರೆ ಅದಕ್ಕೆ ಸಾಧನೆ ಎನ್ನುವುದಿಲ್ಲ.

ಗುರುತು ಹಿಡಿಯಲು ಮೂರು ಪ್ರಶ್ನೆ ಸಾಕು. ಸಿಕ್ಕ ಮೇಲೆ ತಣಿಯುತ್ತದೆಯೇ, ಅಥವಾ ತಕ್ಷಣ ಮುಂದಿನದನ್ನು ಕೇಳುತ್ತದೆಯೇ? ಒಂದು ತಿಂಗಳು ತಡವಾದರೆ ಏನಾದರೂ ನಿಜಕ್ಕೂ ಕೆಡುತ್ತದೆಯೇ? ಯಾರೂ ನೋಡದ ಊರಿನಲ್ಲಿದ್ದರೂ ಇದು ಬೇಕೆನಿಸುತ್ತದೆಯೇ? ಮೂರನೆಯ ಪ್ರಶ್ನೆಗೆ ಬೇಗ ಉತ್ತರ ಬರುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿಕೊಳ್ಳಿ.

ಭೀಮೆಯ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪ ದೊರೆತದ್ದು ಅಲ್ಲಿಯೇ. ಅಂದರೆ ಈ ನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಬುದ್ಧನ ಮಾತು ಕೇಳಿದವರಿದ್ದರು. ಬುದ್ಧ ಆಸೆಗೆ ಬಳಸಿದ ಪದ ತಣ್ಹಾ. ನಮ್ಮ ತೃಷೆ ಎಂಬುದೂ ಅದೇ, ನೀರಡಿಕೆ. ಅದರಲ್ಲಿ ಮೂರು ಬಗೆ: ಇಂದ್ರಿಯಕ್ಕೆ ಬೇಕಾದುದರ ತೃಷೆ, ‘ನಾನು ಹೀಗೆ ಆಗಬೇಕು’ ಎಂಬ ತೃಷೆ, ‘ಇದು ತೊಲಗಿದರೆ ಸಾಕು’ ಎಂಬ ತೃಷೆ. ಜಿಲೇಬಿ ಮೊದಲನೆಯದು, ಓಣಿಯಲ್ಲಿ ಎಲ್ಲರಿಗಿಂತ ದೊಡ್ಡ ಮನೆ ಎರಡನೆಯದು. ಮೂರನೆಯದನ್ನು ಆಸೆಯೆಂದು ನಾವು ಗುರುತಿಸುವುದೇ ಇಲ್ಲ, ಆದರೆ ಕುಡಿತ, ಹಗಲು ರಾತ್ರಿ ಮೊಬೈಲು, ಇವುಗಳ ಬೇರು ಎಷ್ಟೋ ಸಲ ಅಲ್ಲಿರುತ್ತದೆ. ನಿಮ್ಮದು ಯಾವ ಬಗೆ ಎಂಬುದು ಮೂರನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಬೇಕಾಗುವುದು

ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಗಡಿಯಾರ, ಕೂರಲು ನಾಲ್ಕು ಮಡಿಕೆ ಮಾಡಿದ ಕಂಬಳಿ, ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ. ದಿನಕ್ಕೆ ಒಟ್ಟು 40 ನಿಮಿಷ. ನಲವತ್ತು ದಿನ ಎಂಬ ಲೆಕ್ಕ ಸೂಫಿಗಳ ‘ಚಿಲ್ಲಾ’ದ್ದು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ಚಿಶ್ತಿ ಪರಂಪರೆಯಲ್ಲಿ ನಲವತ್ತು ದಿನದ ಏಕಾಂತಕ್ಕೆ ಈ ಹೆಸರು. ನಾವು ಏಕಾಂತಕ್ಕೆ ಹೋಗುತ್ತಿಲ್ಲ, ಅವಧಿಯನ್ನು ಮಾತ್ರ ತೆಗೆದುಕೊಂಡಿದ್ದೇವೆ. ಒಂದು ವಾರದಲ್ಲಿ ಅಭ್ಯಾಸ ಬೇರು ಬಿಡುವುದಿಲ್ಲ, ಮೂರು ತಿಂಗಳು ಎಂದರೆ ಜನ ಶುರುವನ್ನೇ ಮಾಡುವುದಿಲ್ಲ.

ಲಗ್ನ, ಜಾತ್ರೆ, ಎಳ್ಳಮವಾಸ್ಯೆ ಇರುವ ತಿಂಗಳಲ್ಲಿ ಆರಂಭಿಸಬೇಡಿ. ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲುವ ದಿನ ಭಜ್ಜಿ, ಸಜ್ಜೆ ರೊಟ್ಟಿ ಎದುರಿಗಿಟ್ಟುಕೊಂಡು ವ್ರತ ಹಿಡಿದವರಂತೆ ಕೂರುವುದು ಮನೆಯವರಿಗೂ ಕಷ್ಟ, ನಿಮಗೂ ಕಷ್ಟ.

ಹಂತ 1: ಏಳು ದಿನ ಬರೀ ಬರೆಯುವುದು (ದಿನ 1–7)

ಏನನ್ನೂ ಬಿಡಬೇಡಿ, ತಡೆಯಬೇಡಿ. ‘ಬೇಕು’ ಎಂದು ಮನಸ್ಸು ಎಳೆದಾಗಲೆಲ್ಲ ಒಂದು ಸಾಲು ಬರೆಯಿರಿ. ಐದು ಸಂಗತಿ ಇರಲಿ: ಹೊತ್ತು, ಏನು ಬೇಕೆನಿಸಿತು, ಅದಕ್ಕೆ ಮುಂಚೆ ಏನಾಯಿತು, ಮೈಯಲ್ಲಿ ಎಲ್ಲಿ ತಿಳಿಯಿತು, ಎಳೆತ ಹತ್ತಕ್ಕೆ ಎಷ್ಟು. ಉದಾಹರಣೆಗೆ: ‘ರಾತ್ರಿ 9.40. ಹೊಸ ಫೋನು. ಭಾವ ತನ್ನದನ್ನು ತೋರಿಸಿದರು. ಎದೆ ಬಿಗಿ, ಕೈ ಫೋನಿನ ಕಡೆ. 7.’

ಮೂರನೆಯ ಸಂಗತಿಯೇ ಇದರ ಜೀವ. ವಾರದ ಕೊನೆಗೆ ಆ ಸಾಲುಗಳನ್ನು ಮಾತ್ರ ಓದಿ. ಎರಡೋ ಮೂರೋ ಬಾಗಿಲುಗಳಿಂದಲೇ ಆಸೆ ಒಳಗೆ ಬರುತ್ತಿರುವುದು ಕಾಣುತ್ತದೆ: ಬೀಗರ ಮನೆಯ ಮಾತು, ಊಟವಾದ ಮೇಲಿನ ಮೊಬೈಲು, ಸರಾಫ್ ಬಜಾರಿನ ದಾರಿ, ಮೇಲಧಿಕಾರಿ ಬೈದ ದಿನದ ಸಂಜೆ.

ಇಲ್ಲಿ ಆಗುವ ತಪ್ಪು ಎಂದರೆ ರಾತ್ರಿ ಒಮ್ಮೆಲೇ ನೆನಪಿನಿಂದ ಬರೆಯುವುದು. ಹಾಗೆ ಬರೆದಾಗ ದೊಡ್ಡ ಆಸೆಗಳು ಮಾತ್ರ ಉಳಿಯುತ್ತವೆ, ದಿನಕ್ಕೆ ಇಪ್ಪತ್ತು ಸಲ ಬರುವ ಸಣ್ಣವು ಜಾರಿಹೋಗುತ್ತವೆ. ಅಂಗಡಿಯಲ್ಲಿ, ಹೊಲದಲ್ಲಿ ಇದ್ದರೆ ಅಂಗಿ ಜೇಬಿನ ಚೀಟಿಯಲ್ಲಿ ಬರೆದು ಆಮೇಲೆ ನೋಟ್‌ಬುಕ್ಕಿಗೆ ಇಳಿಸಿ.

ಹಂತ 2: ಒಂದನ್ನೇ ಆರಿಸುವುದು (ದಿನ 8)

ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಬಿಡಿ, ಎರಡನೆಯದನ್ನು ಹಿಡಿಯಿರಿ. ಮೊದಲನೆಯದು ಸಾಮಾನ್ಯವಾಗಿ ವರ್ಷಗಳಿಂದ ಬೆಳೆದ ಮರ, ಮೊದಲ ಕೊಡಲಿ ಏಟಿಗೇ ಕೈ ನೋಯುತ್ತದೆ. ಚಹಾ, ಮೊಬೈಲು, ಬಂಗಾರ, ಸಿಟ್ಟು ಎಲ್ಲವನ್ನೂ ಒಟ್ಟಿಗೆ ಬಿಡುತ್ತೇನೆಂದು ಹೊರಟವರು ಹತ್ತನೇ ದಿನಕ್ಕೆ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತಾರೆ.

ಹಂತ 3: ಆಸೆಯ ಕೆಳಗೆ ಏನಿದೆ ಎಂದು ಕೆದಕುವುದು (ದಿನ 9–10)

ನೋಟ್‌ಬುಕ್ಕಿನಲ್ಲಿ ಆಸೆಯನ್ನು ಬರೆದು ಕೆಳಗೆ ‘ಇದು ಸಿಕ್ಕರೆ ಏನಾಗುತ್ತದೆ?’ ಎಂದು ಕೇಳಿ. ಬಂದ ಉತ್ತರಕ್ಕೂ ಅದೇ ಪ್ರಶ್ನೆ. ನಾಲ್ಕು ಸಲ ಕೇಳಿದರೆ ಸಾಮಾನ್ಯವಾಗಿ ತಳ ಸಿಗುತ್ತದೆ.

ನಾಲ್ಕು ತೊಲಿ ಹಾರ ಬೇಕು. ಸಿಕ್ಕರೆ ಏನಾಗುತ್ತದೆ? ಲಗ್ನದಲ್ಲಿ ಹಾಕಿಕೊಂಡು ಹೋಗುತ್ತೇನೆ. ಹೋದರೆ? ತವರಿನವರು ನೋಡುತ್ತಾರೆ. ನೋಡಿದರೆ? ನಾನು ಒಳ್ಳೆಯ ಮನೆ ಸೇರಿದ್ದೇನೆ ಅಂದುಕೊಳ್ಳುತ್ತಾರೆ. ಅಂದುಕೊಂಡರೆ? ಅವ್ವನ ಚಿಂತೆ ಕಡಿಮೆಯಾಗುತ್ತದೆ.

ಆ ಕೊನೆಯ ಸಾಲಿನಲ್ಲಿ ಬಂಗಾರವೇ ಇಲ್ಲ. ಅವ್ವನ ಚಿಂತೆ ಕಡಿಮೆಯಾಗಲು ಎರಡು ದಿನ ಹೋಗಿ ಅವಳ ಹತ್ತಿರ ಕುಂತು ಬರುವುದು ಹಾರಕ್ಕಿಂತ ಹತ್ತಿರದ ದಾರಿ. ತಳದಲ್ಲಿ ಸಿಕ್ಕದ್ದು ಭಯವಾಗಿರಬಹುದು, ಅವಮಾನದ ನೆನಪಾಗಿರಬಹುದು, ಒಂಟಿತನವಾಗಿರಬಹುದು. ಅದಕ್ಕೆ ನೇರವಾಗಿ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಪಕ್ಕದಲ್ಲಿ ಬರೆದು ಈ ನಲವತ್ತು ದಿನಗಳೊಳಗೆ ಮಾಡಿ. ಕೆದಕುವಾಗ ಅಳು ಬಂದರೆ ಬರಲಿ. ಹಳೆಯ ದೊಡ್ಡ ನೋವು ಎದ್ದು ಬಂದು ತಡೆಯಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ನಂಬಿಕೆಯವರೊಬ್ಬರ ಜೊತೆ ಮಾತಾಡಿದ ಮೇಲೆಯೇ ಮುಂದುವರಿಸಿ.

ಹಂತ 4: ಅಳತೆ ಹಾಕುವುದು (ದಿನ 11–14)

ಉಳಿದ ಹಂತಗಳನ್ನು ಅರ್ಧಂಬರ್ಧ ಮಾಡಿದರೂ ನಡೆಯುತ್ತದೆ, ಇದನ್ನು ಪೂರ್ತಿ ಮಾಡಲೇಬೇಕು.

ಅಳತೆ ಎಂದರೆ ಅಂಕಿ. ‘ಸ್ವಲ್ಪ ಕಡಿಮೆ ಮಾಡುತ್ತೇನೆ’ ಅಳತೆಯಲ್ಲ. ‘ಮೊಬೈಲು ರಾತ್ರಿ 9ರಿಂದ 9.30’, ‘ದಿನಕ್ಕೆ ಎರಡು ಕಪ್ ಚಹಾ, ಕಪ್ಪಿಗೆ ಒಂದು ಚಮಚ ಸಕ್ಕರೆ’, ‘ಲಗ್ನಕ್ಕೆ ನಾಲ್ಕು ತೊಲಿ’, ಇವು ಅಳತೆ. (ಪೇಟೆಯಲ್ಲಿ ಈಗ ತೊಲಿ ಎಂದರೆ 10 ಗ್ರಾಂ, ಹಳೆಯ ಲೆಕ್ಕದ ತೊಲಿ 11.66 ಗ್ರಾಂ. ಹಿರಿಯರ ಜೊತೆ ಮಾತಾಡುವಾಗ ಯಾವ ತೊಲಿ ಎಂದು ಕೇಳಿಕೊಳ್ಳಿ. ನಾಲ್ಕು ತೊಲಿಯಲ್ಲಿ ಆರೂವರೆ ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ.)

ಅಳತೆಯನ್ನು ಮನಸ್ಸು ತಣ್ಣಗಿರುವಾಗ, ಬೆಳಿಗ್ಗೆ, ಉಂಡ ಮೇಲೆ ಹಾಕಿ. ಆಸೆ ಎದ್ದು ನಿಂತಾಗ ಹಾಕಿದ ಅಳತೆ ಆಸೆಯ ಕಡೆಗೇ ವಾಲುತ್ತದೆ, ಹಸಿದಾಗ ಬಜಾರಿಗೆ ಹೋದರೆ ಚೀಲ ಭಾರವಾಗುವ ಹಾಗೆ.

ರೊಕ್ಕದ ಆಸೆಯಾದರೆ ರೊಕ್ಕ ಬರುವ ಮುಂಚೆ ಪಾಲು ಹಾಕಿ. ತೊಗರಿಯಿಂದ 1,20,000 ರೂಪಾಯಿ ಬರಲಿದೆ ಅನ್ನಿ. ಮೇಲೆ 50,000 ಕೈಸಾಲವಿದೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಮೊದಲು ಸಾಲದ 50,000. ಮುಂದಿನ ಮುಂಗಾರಿಗೆ ಬೀಜ, ಗೊಬ್ಬರ, ಕೂಲಿ ಎಂದು 25,000. ಮನೆಖರ್ಚು, ಮಕ್ಕಳ ಶಾಲೆ 30,000. ಜಡ್ಡು ಜಾಪತ್ತಿಗೆ 5,000. ಉಳಿದದ್ದು 10,000, ಅದು ಆಸೆಯ ಪಾಲು. ಅದನ್ನು ಮನಸ್ಸು ಬಿಚ್ಚಿ ಖರ್ಚು ಮಾಡಿ, ಮನೆಮಂದಿಯೆಲ್ಲ ಸೇರಿ. ಆಸೆಗೆ ಒಂದು ಪಾಲೂ ಇಡದ ಲೆಕ್ಕ ಬಹಳ ದಿನ ನಿಲ್ಲುವುದಿಲ್ಲ. ಅದು ಬೀಜದ ರೊಕ್ಕಕ್ಕೆ ಕೈ ಹಾಕುತ್ತದೆ, ಆಮೇಲೆ ಜೂನಿನಲ್ಲಿ ಮತ್ತೆ ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಕೊಳ್ಳುವ ಆಸೆಗೆ ಕಾಯುವ ಅಳತೆಯೂ ಬೇಕು. 500 ರೂಪಾಯಿ ಒಳಗಿನ ವಸ್ತುವಿಗೆ ಒಂದು ದಿನ, 5,000ದ ಒಳಗಿನದಕ್ಕೆ ಏಳು ದಿನ, ಅದಕ್ಕಿಂತ ಮೇಲಿನದಕ್ಕೆ ಮೂವತ್ತು ದಿನ. ವಸ್ತುವಿನ ಹೆಸರು, ಬೆಲೆ, ತಾರೀಕು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಗಡುವು ಮುಗಿದ ದಿನ ತೆಗೆದು ಓದಿ. ಆಗಲೂ ಬೇಕೆನಿಸಿದರೆ, ರೊಕ್ಕವೂ ಇದ್ದರೆ, ಕೊಳ್ಳಿ. ಹಲವು ಚೀಟಿಗಳನ್ನು ಓದುವಾಗ ಇದನ್ನು ಯಾಕೆ ಬರೆದೆ ಎಂಬುದೇ ನೆನಪಿಗೆ ಬರುವುದಿಲ್ಲ. ಕಂತಿನ ಮೇಲೆ ಕೊಳ್ಳುವುದಿದ್ದರೆ ಕಂತಿನ ಮೊತ್ತವನ್ನು ಬರೆಯಬೇಡಿ, ಎಲ್ಲ ಕಂತು ಸೇರಿಸಿ ಒಟ್ಟು ಮೊತ್ತ ಬರೆಯಿರಿ. ಭೀಶಿ (ಚೀಟಿ ಫಂಡು) ಎತ್ತಿದ ರೊಕ್ಕಕ್ಕೂ ಇದೇ ನಿಯಮ, ಅದು ಬಿಟ್ಟಿ ಬಂದದ್ದಲ್ಲ.

ವಸ್ತು ಕೂಡಿಡುವ ಆಸೆಯಾದರೆ ಒಂದು ಸಲ ಎಣಿಸಿ. ಕಪಾಟಿನ ಸೀರೆಗಳನ್ನೆಲ್ಲ ತೆಗೆದು ಪರಸಿಯ ಮೇಲೆ ಹಾಸಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ಕಳೆದ ಬಾರಿ ಉಟ್ಟದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ್ದು, ಜರಿ ಕಪ್ಪಾದದ್ದು, ಡಾಂಬರು ಗುಳಿಗೆಯ ವಾಸನೆ, ಇವೆಲ್ಲ ಇಷ್ಟು ದಿನ ಕಪಾಟಿನ ಕತ್ತಲಲ್ಲಿ ಕಂಡಿರುವುದಿಲ್ಲ. ಎರಡು ವರ್ಷ ಉಡದವನ್ನು ಬೇರೆ ಗಂಟು ಕಟ್ಟಿ. ಕಟ್ಟಿದ ದಿನವೇ ಕೊಟ್ಟುಬಿಡಬೇಕಿಲ್ಲ, ಅದು ಏಳನೇ ಹಂತದ ಕೆಲಸ.

ಹಂತ 5: ಕೂರುವುದು (ದಿನ 11ರಿಂದ ಕೊನೆಯವರೆಗೆ, ದಿನವೂ)

ಬೆಳಿಗ್ಗೆ 5.30ರ ಸುಮಾರಿಗೆ ಕೂರಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎಂಟರ ಮೇಲೆ ಮಾಳಿಗೆಯ ಮೇಲಾಗಲಿ ಪತ್ರಾಸಿನ ಕೆಳಗಾಗಲಿ ಕೂತರೆ ಮನಸ್ಸು ಸೆಕೆಯನ್ನಲ್ಲದೆ ಬೇರೇನನ್ನೂ ನೋಡುವುದಿಲ್ಲ. ಕಂಬಳಿಯ ಮೇಲೆ ಪಟ್ಟಗಾಲು ಹಾಕಿ, ಬೆನ್ನು ನೆಟ್ಟಗೆ. ಮೊಣಕಾಲು ನೋವಿದ್ದವರು ಕುರ್ಚಿಯ ಮೇಲೆ ಕೂರಿ, ಪಾದ ನೆಲಕ್ಕೆ ತಾಗಿರಲಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಹತ್ತು ಸಲ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಉಸಿರು ಕಟ್ಟಿ ಹಿಡಿಯುವುದು ಬೇಡ, ಉಬ್ಬಸದವರು, ಗರ್ಭಿಣಿಯರು ಅಂತೂ ಬೇಡವೇ ಬೇಡ. ಆಮೇಲೆ ಎಣಿಕೆ ಬಿಟ್ಟು ಮೂಗಿನ ತುದಿಯಲ್ಲಿ ಉಸಿರು ಹೋಗಿ ಬರುವುದನ್ನು ನೋಡುತ್ತಿರಿ.

ಮೊದಲ ವಾರ 12 ನಿಮಿಷ, ಆಮೇಲೆ 20. ಮನಸ್ಸು ಓಡುತ್ತದೆ. ಓಡಿದ್ದು ಗೊತ್ತಾದಾಗ ‘ಆಸೆ’, ‘ಚಿಂತೆ’, ‘ನೆನಪು’ ಎಂದು ಒಂದು ಪದದಲ್ಲಿ ಹೆಸರಿಟ್ಟು ಉಸಿರಿಗೆ ಮರಳಿ. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಲ ಮರಳಿದರೆ ಐವತ್ತು ಸಲ ಅಭ್ಯಾಸವಾಯಿತು. ಲಿಂಗಪೂಜೆ, ನಮಾಜು, ಜಪ ಇರುವವರು ಅದನ್ನು ಮುಗಿಸಿ ಅದೇ ಜಾಗದಲ್ಲಿ ಮುಂದುವರಿಸಬಹುದು. ಕಲಬುರಗಿಯಲ್ಲಿದ್ದು ಮನೆಯಲ್ಲಿ ಗದ್ದಲವಿದ್ದರೆ ಬುದ್ಧ ವಿಹಾರದಲ್ಲೋ ಅಪ್ಪನ ಕೆರೆಯ ದಂಡೆಯಲ್ಲೋ ಕೂರಿ.

ಹಂತ 6: ಅಲೆ ಎದ್ದಾಗ (ದಿನ 15–40)

ಕೂತು ಕಲಿತದ್ದಕ್ಕೆ ನಿಜವಾದ ಪರೀಕ್ಷೆ ಇಲ್ಲಿ. ಎಳೆತ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದಕ್ಕೆ ಹೊಸ ಕಟ್ಟಿಗೆ ಹಾಕದಿದ್ದರೆ ಸಾಮಾನ್ಯವಾಗಿ 20ರಿಂದ 30 ನಿಮಿಷದಲ್ಲಿ ತಗ್ಗುತ್ತದೆ. ನಾವು ಸೋಲುವುದು ತುದಿಯಲ್ಲಿ, ಏಕೆಂದರೆ ಇದು ಹೀಗೇ ಏರುತ್ತಲೇ ಹೋಗುತ್ತದೆ ಎಂದು ಆ ಗಳಿಗೆಯಲ್ಲಿ ತೋರುತ್ತದೆ.

ಮೊದಲು ಕೈ ನಿಲ್ಲಿಸಿ, ಫೋನನ್ನು ಮಗುಚಿ ಇಡಿ, ಅಂಗಡಿಯಿಂದ ಹೊರಗೆ ಬನ್ನಿ. ಗಡಿಯಾರ ನೋಡಿ ಎಳೆತಕ್ಕೆ ಹತ್ತಕ್ಕೆ ಎಷ್ಟೆಂದು ಅಂಕಿ ಕೊಡಿ. ಮೈಯಲ್ಲಿ ಅದು ಇರುವ ಜಾಗ ಹುಡುಕಿ: ಗಂಟಲು ಒಣಗಿದೆಯೇ, ಹೊಟ್ಟೆಯ ಮೇಲ್ಭಾಗ ಬಿಗಿದಿದೆಯೇ, ಬೆರಳು ಚಡಪಡಿಸುತ್ತಿವೆಯೇ? ಆ ಜಾಗವನ್ನು ನೋಡುತ್ತ ನಾಲ್ಕು–ಆರರ ಉಸಿರು. ಐದು ನಿಮಿಷಕ್ಕೊಮ್ಮೆ ಅಂಕಿ ಬರೆಯಿರಿ. ಅಂಕಿಗಳು 7, 8, 8, 6, 4 ಎಂದು ಇಳಿಯುವುದನ್ನು ಸ್ವಂತ ಕೈಬರಹದಲ್ಲಿ ಒಂದು ಸಲ ಕಂಡವರಿಗೆ ಮುಂದಿನ ಅಲೆಯ ಭಯ ಅರ್ಧವಾಗುತ್ತದೆ. ಕೂರಲು ಆಗದಿದ್ದರೆ ನಡೆಯಿರಿ. ಒಂದು ಲೋಟ ನೀರನ್ನು ಹತ್ತು ಗುಟುಕು ಮಾಡಿ ನಿಧಾನಕ್ಕೆ ಕುಡಿಯುವುದೂ ನಡೆಯುತ್ತದೆ.

‘ಅದನ್ನು ನೆನೆಯಲೇಬಾರದು’ ಎಂದು ಮಾತ್ರ ಹಟ ಹಿಡಿಯಬೇಡಿ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಕೆಲವರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿ ಐದು ನಿಮಿಷ ಬಿಟ್ಟರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ಅದುಮಿದ ಆಸೆಯ ಗತಿಯೂ ಅದೇ. ವ್ರತ ಮುಗಿದ ಮರುದಿನ ಎರಡು ಪಾಲು ತಿನ್ನುವುದು ಇದರಿಂದಲೇ.

ಇನ್ನೊಂದು ತಿಳಿದಿರಲಿ. ಬೇಕೆನ್ನುವುದಕ್ಕೂ ಸುಖಪಡುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ಕೆಂಟ್ ಬೆರಿಡ್ಜ್ ಎಂಬ ವಿಜ್ಞಾನಿಯ ಸಂಶೋಧನೆಗಳು ತೋರಿಸಿವೆ. ಡೋಪಮೈನ್ ಇಲ್ಲವಾಗಿಸಿದ ಇಲಿಗಳು ಆಹಾರದ ಕಡೆ ಹೋಗುವುದನ್ನೇ ಬಿಟ್ಟವು, ಆದರೆ ಬಾಯಿಗೆ ಸಿಹಿ ಬಿಟ್ಟಾಗ ಅವುಗಳ ಮುಖದಲ್ಲಿ ಇಷ್ಟ ಎಂದಿನಂತೆಯೇ ಕಂಡಿತು. ನಮ್ಮಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತಿರುತ್ತದೆ: ಸುಖ ಕಡಿಮೆಯಾದರೂ ಎಳೆತ ಹಾಗೇ ಉಳಿದಿರುತ್ತದೆ. ಪರೀಕ್ಷಿಸಲು ಒಂದು ಊಟ ಸಾಕು. ಬಿಸಿ ಜೋಳದ ರೊಟ್ಟಿ ಒಂದು, ಶೇಂಗಾ ಹಿಂಡಿ ಒಂದು ಚಮಚ, ಮೇಲೆ ಸ್ವಲ್ಪ ಎಣ್ಣೆ. ಮೊದಲ ತುತ್ತನ್ನು ಇಪ್ಪತ್ತು ಸಲ ಅಗಿಯಿರಿ. ಜೋಳದ ಸಿಹಿ ಬರುವುದು ಹತ್ತರ ಮೇಲೆ. ಪ್ರತಿ ತುತ್ತಿನ ಸುಖಕ್ಕೂ ಅಂಕಿ ಕೊಡುತ್ತ ಹೋಗಿ. ಎರಡನೇ ರೊಟ್ಟಿಗೆ ಕೈ ಹೋದಾಗ ಅಂಕಿ ಎಷ್ಟಿತ್ತು ನೋಡಿ. ಹೊಟ್ಟೆ ಕೇಳಿದ್ದರೆ ಧಾರಾಳವಾಗಿ ಉಣ್ಣಿ. ಅಂಕಿ ಎರಡಕ್ಕೆ ಇಳಿದರೂ ಕೈ ಹೋಗುತ್ತಿದ್ದರೆ, ಎಳೆತದ ನಿಜರೂಪ ನಿಮ್ಮ ತಟ್ಟೆಯಲ್ಲೇ ಸಿಕ್ಕಿತು.

ವಾರಕ್ಕೆ ಒಂದು ದಿನ ಆರಿಸದೆ ಉಣ್ಣುವ ಅಭ್ಯಾಸ ಮಾಡಿ. ಗಾಣಗಾಪುರದಲ್ಲಿ ದತ್ತನ ಭಕ್ತರು ಐದು ಮನೆ ಮಧುಕರಿ ಬೇಡಿ ಬಂದದ್ದನ್ನು ಪ್ರಸಾದವೆಂದು ಉಣ್ಣುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಆ ದಿನ ಬಡಿಸಿದ್ದನ್ನು ಉಣ್ಣುವುದು, ಉಪ್ಪು ಖಾರದ ಬಗ್ಗೆ ಮಾತಾಡದಿರುವುದು.

ಹಂತ 7: ತಿರುಗಿ ಇಟ್ಟು ಬರುವುದು (ದಿನ 22ರಿಂದ)

ಅಳತೆ ಹಾಕಿ ನಿಲ್ಲಿಸಿದರೆ ಅರ್ಧ ಕೆಲಸ. ಮೀರಿದ್ದು ಮನೆಯಲ್ಲೇ ಉಳಿದರೆ ಕಣ್ಣು ಮತ್ತೆ ಅದರ ಮೇಲೆ ಬೀಳುತ್ತದೆ. ವಾರಕ್ಕೆ ಒಂದು ಸಲ, ಅಳತೆ ಮೀರಿ ಬಂದದ್ದರಲ್ಲಿ ಒಂದನ್ನಾದರೂ ಹೊರಗೆ ಕಳಿಸಿ. ನಾಲ್ಕನೇ ಹಂತದಲ್ಲಿ ಕಟ್ಟಿದ ಗಂಟು, ಕೊಳ್ಳದೆ ಉಳಿಸಿದ ರೊಕ್ಕದ ಹತ್ತರಲ್ಲಿ ಒಂದು ಪಾಲು, ಎರಡು ಸೇರು ಜೋಳ. ಕಲಬುರಗಿಯ ಶರಣಬಸವೇಶ್ವರರ ದಾಸೋಹ, ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್, ಓಣಿಯ ಅಂಗನವಾಡಿ, ಯಾರಿಗೆ ಬೇಕೋ ಅಲ್ಲಿಗೆ. ರೊಕ್ಕವಿಲ್ಲದವರು ಅಡುಗೆಮನೆಯಲ್ಲಿ ಎರಡು ತಾಸು ರೊಟ್ಟಿ ಬಡಿದು ಬರಬಹುದು.

ಹೆಸರು ಹಾಕಿಸಬೇಡಿ, ಫೋಟೋ ತೆಗೆಸಬೇಡಿ. ಇದು ಶಿಷ್ಟಾಚಾರಕ್ಕಾಗಿ ಹೇಳಿದ್ದಲ್ಲ. ವಸ್ತುವಿನ ಆಸೆ ಹೊರಗೆ ಹೋಗುವಾಗ ಹೊಗಳಿಕೆಯ ಆಸೆ ಅದೇ ಬಾಗಿಲಿಂದ ಒಳಗೆ ಬರುತ್ತದೆ, ಅದು ಮೊದಲನೆಯದಕ್ಕಿಂತ ಗಟ್ಟಿ. ಹರಿದದ್ದು, ಹುಳ ಹಿಡಿದದ್ದನ್ನು ಕೊಡಬೇಡಿ, ಅದು ಕಸ ಚೆಲ್ಲಿದಂತೆ. ಮನೆಯವರ ಪಾಲಿನದನ್ನು ಅವರನ್ನು ಕೇಳದೆ ಕೊಡುವುದೂ ತಪ್ಪು.

ನಾಲ್ಕು ಜನರ ಬಾಯಿ

ನಮ್ಮ ಕಡೆ ಆಸೆಯನ್ನು ಹೆಚ್ಚು ಬೆಳೆಸುವುದು ಲಗ್ನ. ಅಳತೆ ಹಾಕಿದವರು ಜನರ ಮುಂದೆ ಅದನ್ನು ವಾದಿಸಲು ಹೋಗಿ ಸೋಲುತ್ತಾರೆ. ಒಂದೇ ಸಾಲಿನ ಉತ್ತರ ಮೊದಲೇ ಸಿದ್ಧವಿರಲಿ.

‘ಕಾಕಾ, ಮಗಳಿಗಿ ಎಷ್ಟ್ ತೊಲಿ ಹಾಕ್ಲತ್ತೀರಿ?’

‘ಮನ್ಯಾಗ ಎಲ್ಲಾರೂ ಕುಂತು ಮಾತ್ ಮುಗ್ಸೀವಿ ಅವ್ವಾ. ನೀವು ಎರಡ್ ದಿನ ಮೊದಲೇ ಬರ್ರಿ.’

ಅಂಕಿಯನ್ನೂ ಹೇಳಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ‘ನಾವು ಆಸೆ ಬಿಟ್ಟೀವಿ’ ಎಂದು ಹೇಳಿಕೊಂಡು ತಿರುಗಿದರೆ ಕೇಳಿದವರು ಮುಂದಿನ ಲಗ್ನದವರೆಗೂ ನಿಮ್ಮನ್ನು ಪರೀಕ್ಷಿಸುತ್ತಾರೆ. ಇನ್ನು ಬೀಗರ ಕಡೆಯವರು ಬಂಗಾರವೋ ರೊಕ್ಕವೋ ಇಷ್ಟೇ ಬೇಕೆಂದು ಕೇಳುತ್ತಿದ್ದರೆ ಅದು ವರದಕ್ಷಿಣೆ. ಅದು ನಿಮ್ಮ ಆಸೆಯ ಲೆಕ್ಕಕ್ಕೆ ಸೇರಿದ್ದಲ್ಲ, ಕಾನೂನಿನ ಲೆಕ್ಕಕ್ಕೆ ಸೇರಿದ್ದು.

ಎಲ್ಲಿ ಕೆಡುತ್ತದೆ

ಹದಿನೇಳು, ಹದಿನೆಂಟನೇ ದಿನದ ಸುಮಾರಿಗೆ ಬೇಸರ ಬರುತ್ತದೆ. ಮೊದಲ ಹುರುಪು ಇಳಿದಿರುತ್ತದೆ, ಫಲ ಇನ್ನೂ ಕಾಣುವುದಿಲ್ಲ. ಆಗ ಕೂರುವ ಹೊತ್ತನ್ನು 20ರಿಂದ 10 ನಿಮಿಷಕ್ಕೆ ಇಳಿಸಿ, ದಿನ ಮಾತ್ರ ತಪ್ಪಿಸಬೇಡಿ.

ಅಳತೆ ಮುರಿದರೆ ಆ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮರುದಿನ ಮುಂದುವರಿಸಿ, ಮತ್ತೆ ಒಂದರಿಂದ ಎಣಿಸಬೇಡಿ. ಒಂದು ಕಪ್ ಹೆಚ್ಚಾಯಿತೆಂದು ‘ಇನ್ನೇನು, ಹೇಗೂ ಕೆಟ್ಟಿತು’ ಎಂದು ನಾಲ್ಕು ಕಪ್ ಕುಡಿಯುವುದು ಮೊದಲ ಕಪ್ಪಿಗಿಂತ ದೊಡ್ಡ ನಷ್ಟ. ಒಂದೇ ಅಳತೆ ವಾರದಲ್ಲಿ ನಾಲ್ಕು ಸಲ ಮುರಿದರೆ ತಪ್ಪು ಅಳತೆಯಲ್ಲಿದೆ, ಅದನ್ನು ಸಡಿಲಿಸಿ.

ಎಲ್ಲದರ ಮೇಲೂ ರುಚಿ ಹೋಗಿದೆ, ಮಕ್ಕಳ ಮಾತೂ ಬೇಡವಾಗಿದೆ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದನ್ನು ವೈರಾಗ್ಯ ಎಂದುಕೊಳ್ಳಬೇಡಿ. ಅದು ಖಿನ್ನತೆಯಾಗಿರಬಹುದು, ಚಿಕಿತ್ಸೆ ಇದೆ. ಆಸೆ ಹಗುರಾದವರು ಮನೆಮಂದಿಯ ಹತ್ತಿರ ಬರುತ್ತಾರೆ, ಖಿನ್ನರಾದವರು ದೂರ ಸರಿಯುತ್ತಾರೆ, ಇದೊಂದು ಗುರುತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಕರೆ ಉಚಿತ.

ಕುಡಿತ, ಗುಟ್ಕಾ, ಕ್ರಿಕೆಟ್ ಬೆಟ್ಟಿಂಗ್ ಈ ನಲವತ್ತು ದಿನಗಳ ಲೆಕ್ಕಕ್ಕೆ ಒಗ್ಗುವುದಿಲ್ಲ. ಅವಕ್ಕೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಸಹಾಯ ಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಂದೇ ದಿನ ಪೂರ್ತಿ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ದೇವರ ಮುಂದೆ ಆಣೆ ಇಡುವುದಿದ್ದರೂ ಡಾಕ್ಟರರನ್ನು ಕಂಡು ಬಂದು ಇಡಿ.

ನಲವತ್ತನೇ ದಿನ

ಮೊದಲ ವಾರದ ಪುಟಗಳನ್ನೂ ಕೊನೆಯ ವಾರದ ಪುಟಗಳನ್ನೂ ಅಕ್ಕಪಕ್ಕ ಇಟ್ಟು ಮೂರು ಸಂಗತಿ ಎಣಿಸಿ: ದಿನಕ್ಕೆ ಎಷ್ಟು ಸಲ ಎಳೆತ ಬಂತು, ಅಂಕಿಯ ಸರಾಸರಿ ಎಷ್ಟು, ಅಲೆ ಎಷ್ಟು ನಿಮಿಷದಲ್ಲಿ ಇಳಿಯಿತು. ಸಲಗಳು ಅಷ್ಟೇನೂ ಇಳಿದಿರುವುದಿಲ್ಲ, ಅದಕ್ಕೆ ನಿರಾಶರಾಗಬೇಡಿ. ಮೊದಲು ಬದಲಾಗುವುದು ನಿಮಿಷಗಳು. ಮೊದಲ ವಾರ ಇಡೀ ಸಂಜೆ ಕಾಡಿದ್ದು ಈಗ ಹದಿನೈದು ನಿಮಿಷದಲ್ಲಿ ಬಿಟ್ಟು ಹೋಗುತ್ತಿದ್ದರೆ ಅಳತೆ ಹಿಡಿದಿದೆ ಎಂದು ತಿಳಿಯಿರಿ. ಆ ಅಳತೆಯನ್ನು ಹಾಗೆಯೇ ಇಟ್ಟುಕೊಂಡು, ಡಬ್ಬಿಯ ಹಳೆಯ ಚೀಟಿಗಳನ್ನು ತೆಗೆದು ಓದಿ, ಬೇಡವಾದವನ್ನು ಒಲೆಗೆ ಹಾಕಿ. ಒಂದು ವಾರ ಬಿಟ್ಟು, ಎಂಟನೇ ದಿನ ಪಕ್ಕಕ್ಕಿಟ್ಟಿದ್ದ ಆ ದೊಡ್ಡ ಆಸೆಯ ಹೆಸರನ್ನು ಹೊಸ ಪುಟದ ಮೇಲೆ ಬರೆಯಿರಿ.